ಒಂದು ಹಗಲು ಒಂದು ರಾತ್ರಿ ಕಾದ ಗಾಜಿನ ತಟ್ಟೆ

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೆ ನಾಳೆಯಿಂದ ನನ್ನ ನಾಲಿಗೆಗೆ ರುಚಿ ಗೊತ್ತಾಗದೆ ಹೋಗಲಿ. ಈ ಕೇಸು ಬಂದ ಠಾಣೆಯ ಹೆಡ್ ಕಾನ್‌ಸ್ಟೇಬಲ್ ನನ್ನ ತಂಗಿಯ ಭಾವ. ಸುಳ್ಳು ಹೇಳುವಷ್ಟು ಚುರುಕು ಅವನಿಗಿಲ್ಲ. ಎಲ್ಲರೂ ಅವನನ್ನು ನಿಧಾನಿ ಅಂತಲೇ ಕರೆಯುವುದು. ಅವನು ಒಂದು ಆಕಳಿಕೆ ಶುರು ಮಾಡಿದರೆ ಮುಗಿಯುವುದರೊಳಗೆ ಎರಡು ಬಸ್ಸು ಬಂದು ಹೋಗಿರುತ್ತವೆ.

ಹನ್ನೆರಡನೇ ತಾರೀಕು, ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಗಾಜಿನ ಕಾರ್ಖಾನೆಯ ಮ್ಯಾನೇಜರ್ ಠಾಣೆಗೆ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಇನ್ಸ್‌ಪೆಕ್ಟರಮ್ಮನಿಗೆ ಹದಿನೇಳು ವರ್ಷದ ಸರ್ವಿಸು. ನಿಂತೇ ದೂರು ಕೊಡುವವರನ್ನು ಕಂಡರೆ ಆಕೆ ಕೈಲಿದ್ದ ಕೆಲಸ ಬದಿಗಿಡುತ್ತಿದ್ದಳು.

"ಏನು ಕಳುವಾಗಿದೆ?"

"ತಟ್ಟೆ."

"ಬೆಳ್ಳೀದಾ?" ನಿಧಾನಿ ಕೇಳಿದ.

"ಗಾಜಿಂದು."

ನಿಧಾನಿ ಪೆನ್ನಿನ ಕ್ಯಾಪು ಮತ್ತೆ ಹಾಕಿದ.

ಮ್ಯಾನೇಜರ್ ಬಿಡಿಸಿ ಹೇಳಿದ. ಫೋನಿನಿಂದ ವಿಮಾನದವರೆಗೆ ಎಲ್ಲದರ ಹೊಟ್ಟೆಯಲ್ಲೂ ಚಿಪ್ ಇರುತ್ತದೆ. ಆ ಚಿಪ್ ಮಾಡುವ ಯಂತ್ರದೊಳಗೆ ಕನ್ನಡಿಗಳಿರುತ್ತವೆ. ಅಂಥ ಕನ್ನಡಿ ಸಮ ಇದೆಯೋ ಇಲ್ಲವೋ ಎಂದು ಈ ತಟ್ಟೆಗೆ ಹೋಲಿಸಿ ನೋಡುತ್ತಾರೆ. ಊಟದ ತಟ್ಟೆಯಷ್ಟು ಅಗಲ, ನಾಲ್ಕು ಕಿಲೋ ತೂಕ. ಇದನ್ನು ದೇಶದಷ್ಟು ಅಗಲ ಹಿಗ್ಗಿಸಿದರೂ ಅದರ ಮೇಲಿನ ಅತಿ ಎತ್ತರದ ಗುಡ್ಡ ಒಂದು ಸಾಸಿವೆ ಕಾಳು. ನೊಣ ಕೂತರೆ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುತ್ತದೆ. ನೊಣದ ಮಾತು ನಾನು ಸೇರಿಸಿದ್ದು, ಮಿಕ್ಕದ್ದೆಲ್ಲ ಎಫ್‌ಐಆರ್‌ನಲ್ಲಿದೆ.

"ಸರ್ಕಾರದ ರಫ್ತು ನಿರ್ಬಂಧದ ಪಟ್ಟೀಲಿರೋ ವಸ್ತು ಮೇಡಂ. ಲೈಸೆನ್ಸ್ ಇಲ್ದೆ ಗಡಿ ದಾಟಿದ್ರೆ ನಮ್ಮ ಕಾರ್ಖಾನೆ ಪರವಾನಗೀನೇ ಹೋಗುತ್ತೆ. ಮುನ್ನೂರ ನಲವತ್ತು ಮನೆ ಒಲೆ ಆರುತ್ತೆ."

"ಪಟ್ಟೀಲಿ ಇನ್ನೇನಿದೆ?"

"ಯಂತ್ರ, ನಕ್ಷೆ, ಗಾಜು ಉಜ್ಜೋ ಪುಡಿ, ಎಲ್ಲಾ. ಆಚೆ ದೇಶದವರಿಗೆ ಕೆಲಸ ಹೇಳಿಕೊಟ್ರೂ ರಫ್ತೇ."

"ಬಾಯಲ್ಲಿ ಹೇಳಿದ್ರೂನಾ?"

"ಹೌದು."

"ಹಾಗಾದ್ರೆ ನಮ್ಮತ್ತೆ ಬಾಯಿಗೆ ಮೊದಲು ಲೈಸೆನ್ಸ್ ಮಾಡಿಸ್ಬೇಕು," ಅಂದ ನಿಧಾನಿ. ಯಾರೂ ನಗಲಿಲ್ಲ. ಹತ್ತು ಐವತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು.

ಹನ್ನೆರಡು ಹತ್ತಕ್ಕೆ ಸ್ಥಳ ಪಂಚನಾಮೆ. ಧೂಳು ಬೀಳಬಾರದೆಂದು ಕಾರ್ಖಾನೆಯವರು ಬೂಟು ಬಿಚ್ಚಿಸಿದರು, ತಲೆಗೆ ಟೋಪಿ ಹಾಕಿಸಿದರು. ನಿಧಾನಿಯ ಮೀಸೆಗೂ ಒಂದು ಬಟ್ಟೆ ಕಟ್ಟಿಸಿದರು. ತಟ್ಟೆ ಇಡುತ್ತಿದ್ದ ಕಪಾಟಿನ ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಮೂವರ ಹತ್ತಿರ: ಮ್ಯಾನೇಜರ್, ಕಾವಲುಗಾರ, ಮತ್ತು ಗಾಜು ಉಜ್ಜುವ ಕೋಣೆಯ ಹಿರಿಯ ಕೆಲಸಗಾರ. ಈ ಹಿರಿಯನನ್ನು ಇಡೀ ಕಾರ್ಖಾನೆ ಅಜ್ಜ ಎನ್ನುತ್ತಿತ್ತು. ನಲವತ್ತೊಂದು ವರ್ಷದ ಕೆಲಸ, ಮುಂದಿನ ತಿಂಗಳು ನಿವೃತ್ತಿ.

ಅವನ ಕೋಣೆಯಲ್ಲಿ ಎಂಟು ಸ್ಟೂಲುಗಳಿದ್ದವು, ಮನುಷ್ಯ ಒಬ್ಬನೇ. ಮೇಜಿನ ಮೇಲೆ ಗಾಜಿನ ಮೇಲೂ ಬರೆಯಬಲ್ಲ ಮೇಣದ ಕೆಂಪು ಪೆನ್ಸಿಲುಗಳು.

"ಮಿಕ್ಕವರೆಲ್ಲಿ?" ಇನ್ಸ್‌ಪೆಕ್ಟರ್ ಕೇಳಿದಳು.

"ಯಂತ್ರ ಬಂತಲ್ಲ ಮೇಡಂ. ಒಬ್ಬೊಬ್ಬರೇ ಅದರ ಗುಂಡಿ ಒತ್ತಕ್ಕೆ ಹೋದ್ರು."

"ಈ ಸ್ಟೂಲಿಗೆ ಮಾತ್ರ ದಿಂಬು ಯಾಕಿದೆ?"

"ಒಬ್ಬ ಹೆಣ್ಣುಮಗಳು ಕೂರ್ತಿದ್ಲು. ಆಚೆ ದೇಶದವಳು. ಮೂರು ವರ್ಷ ನನ್ನ ಹತ್ರ ಕಲಿತ್ಲು. ಕಾನೂನು ಬಂತು, ವಾಪಸ್ ಕಳಿಸಿದ್ರು."

"ಎಷ್ಟು ದಿನ ಆಯ್ತು?"

"ಹೋದ ವರ್ಷ. ದಿಂಬು ತೆಗೆದ್ರೆ ಸ್ಟೂಲು ಬೋಳಾಗಿ ಕಾಣುತ್ತೆ, ಅದಕ್ಕೇ ಬಿಟ್ಟಿದೀನಿ."

ಇನ್ಸ್‌ಪೆಕ್ಟರ್ ಆ ದಿಂಬನ್ನು ಪಂಚನಾಮೆಯಲ್ಲಿ ಬರೆಸಲಿಲ್ಲ. ಮನಸ್ಸಿನಲ್ಲಿ ಬರೆದುಕೊಂಡಳು.

ಬುಧವಾರ ಬೆಳಿಗ್ಗೆ ನಿಧಾನಿ ಅಂಚೆ ಕಚೇರಿಯಲ್ಲಿ ಕೂತ. ತಟ್ಟೆ ಕೊನೆಯ ಸಲ ಕಂಡ ಮೇಲಿನ ನಾಲ್ಕು ದಿನದಲ್ಲಿ ವಿದೇಶಕ್ಕೆ ಹೋದ ಪಾರ್ಸೆಲುಗಳ ಚೀಟಿ ಇನ್ನೂರ ಹನ್ನೆರಡು. ಬೇರೆಯವರಾದರೆ ಮೇಲೆ ಮೇಲೆ ನೋಡಿ ಎದ್ದು ಬರುತ್ತಿದ್ದರು. ನಿಧಾನಿಗೆ ಬೇಗ ನೋಡುವುದು ಗೊತ್ತೇ ಇಲ್ಲ. ನೂರ ಎಪ್ಪತ್ತೊಂದನೇ ಚೀಟಿಗೆ ಅವನ ಬೆರಳು ನಿಂತಿತು: 'ತರಕಾರಿ ಹೆಚ್ಚುವ ಗಾಜಿನ ಹಲಗೆ, ನಾಲ್ಕು ಕಿಲೋ.' ಕಳಿಸಿದವರ ನಂಬರಿಗೆ ಫೋನು ಮಾಡಿದರೆ ಅದೊಂದು ಕ್ಷೌರದಂಗಡಿ.

"ಈ ಪೆಟ್ಟಿಗೆ ನೆನಪಿದೆಯಾ?" ಗುಮಾಸ್ತೆಯನ್ನು ಕೇಳಿದ.

"ತಂದವರ ಮುಖ ನೆನಪಿಲ್ಲ, ಪೆಟ್ಟಿಗೆ ಮರೆಯಕ್ಕಾಗುತ್ತಾ ಸಾರ್. ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಬಂದ ತಕ್ಷಣ ಬಿಚ್ಚಬೇಡಿ, ಒಂದು ಹಗಲು ಒಂದು ರಾತ್ರಿ ಕೋಣೆಯಲ್ಲಿಟ್ಟು ಆಮೇಲೆ ಬಿಚ್ಚಿ, ಬರಿಗೈಯಲ್ಲಿ ಮುಟ್ಟಬೇಡಿ ಅಂತ."

ನಿಧಾನಿ ಯೋಚಿಸಿದ. "ಈರುಳ್ಳಿ ಹೆಚ್ಚೋ ಹಲಗೆಗೆ ಇಷ್ಟು ಮರ್ಯಾದೆನಾ?"

ಜೀವಮಾನದಲ್ಲಿ ಅವನು ಓಡಿದ್ದು ಅದೊಂದೇ ಸಲ. ಪೆಟ್ಟಿಗೆ ವಿಮಾನದ ಸರಕಿನ ತಂಪು ಗೋದಾಮಿನಲ್ಲಿತ್ತು, ವಿಮಾನ ನಾಲ್ಕು ಗಂಟೆಗೆ. ಜೀಪು ತಲುಪಿದಾಗ ಮೂರು ಇಪ್ಪತ್ತೈದು. ಇಬ್ಬರು ಪಂಚರ ಮುಂದೆ ಪೆಟ್ಟಿಗೆಯನ್ನು ಬಿಚ್ಚದೆಯೇ ಮೊಹರು ಮಾಡಿದರು. ಬರೆದದ್ದು ಮೇಣದ ಪೆನ್ಸಿಲಿನಲ್ಲಿ. ಕಳಿಸಿದ್ದು ಆ ಹೆಣ್ಣುಮಗಳ ಊರಿಗೆ.

"ಅಜ್ಜನೇ ಮೇಡಂ," ಅಂದ ನಿಧಾನಿ.

"ಅವಳು ಮೂವರಿಗೂ ಗೊತ್ತು. ಪೆನ್ಸಿಲು ಮೂವರಿಗೂ ಸಿಗುತ್ತೆ. ಅನುಮಾನ ಇದೆ, ಸಾಕ್ಷಿ ಇಲ್ಲ." ಆಕೆ ಪೆಟ್ಟಿಗೆಯ ಕೆಂಪಕ್ಷರವನ್ನು ಇನ್ನೊಮ್ಮೆ ಓದಿದಳು. "ನಿಮ್ಮ ಜೇಬಲ್ಲಿ ಕಡಲೆಬೀಜ ಇದೆಯಾ?"

ಸಂಜೆ ಐದು ಹತ್ತು. ಠಾಣೆಯ ಬೆಂಚಿನ ಮೇಲೆ ಕೀಲಿಯವರು ಮೂವರೂ ಕೂತಿದ್ದರು. ಮೇಜಿನ ಮೇಲೆ ಪೆಟ್ಟಿಗೆ, ಅಕ್ಷರವಿದ್ದ ಬದಿ ಗೋಡೆಗೆ. "ಇದು ಬೇರೆ ಕೇಸಿಂದು, ಐದು ನಿಮಿಷ ಇರಿ," ಅಂದಳು ಇನ್ಸ್‌ಪೆಕ್ಟರ್. ನಿಧಾನಿ ಕಡಲೆಬೀಜ ತಿಂದ ಜಿಡ್ಡುಗೈಯಲ್ಲೇ ಕತ್ತರಿ ಎತ್ತಿಕೊಂಡ. ಮ್ಯಾನೇಜರ್ ಗಡಿಯಾರ ನೋಡಿದ. ಕಾವಲುಗಾರ ಕಿವಿ ಕೆರೆದುಕೊಂಡ. ಕತ್ತರಿ ಹಗ್ಗದ ಹತ್ತಿರ ಹೋಯಿತು.

ಅಜ್ಜ ಎದ್ದು ನಿಂತಿದ್ದ.

"ಬೇಡಪ್ಪ. ಅದಕ್ಕಿನ್ನೂ ಚಳಿ ಬಿಟ್ಟಿಲ್ಲ. ಈಗ ಬಿಚ್ಚಿದ್ರೆ ಮೈಮೇಲೆ ನೀರು ಕೂರುತ್ತೆ."

ನಿಧಾನಿ ಕತ್ತರಿ ಕೆಳಗಿಟ್ಟ.

"ಯಾವುದಕ್ಕೆ ಅಜ್ಜ?" ಇನ್ಸ್‌ಪೆಕ್ಟರ್ ಕೇಳಿದಳು.

ಅವನು ಕೂತ. ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡ. "ಚೆನ್ನಾಗಿ ಹಿಡಿದ್ರಿ, ತಾಯಿ," ಅಂದ. ಮೆಚ್ಚಿಯೇ ಅಂದ.

ದುರಾಸೆಯನ್ನು ಹಿಡಿದೆಳೆದು ಎಷ್ಟೋ ಕಳ್ಳರನ್ನು ಆಕೆ ಹಿಡಿದಿದ್ದಳು. ಪ್ರೀತಿಯನ್ನು ಹಿಡಿದೆಳೆದದ್ದು ಇದೇ ಮೊದಲು. ಆ ಸಂಜೆ ಆಕೆ ಎರಡು ಸಲ ಸೋಪು ಹಾಕಿ ಕೈ ತೊಳೆದುಕೊಂಡಳೆಂದು ನಿಧಾನಿ ಹೇಳುತ್ತಾನೆ.

"ಆಚೆ ದೇಶದವರು ಏನು ಕೊಡ್ತೀವಿ ಅಂದಿದ್ರು?"

"ಯಾರೂ ಏನೂ ಅಂದಿಲ್ಲ. ಅವಳಿಗೆ ಗೊತ್ತೂ ಇಲ್ಲ."

"ಮತ್ತೆ ಯಾಕೆ?"

"ಈ ಮ್ಯಾನೇಜರಪ್ಪನ್ನ ಕೇಳಿ. ಮುಂದಿನ ತಿಂಗಳು ಏನು ಮಾಡ್ತಾರೆ ಅದನ್ನ?"

ಮ್ಯಾನೇಜರ್ ನೆಲ ನೋಡಿದ. "ಹೊಸ ಯಂತ್ರ ಬೆಳಕಲ್ಲೇ ಅಳೆಯುತ್ತೆ ಮೇಡಂ. ಪಟ್ಟೀಲಿರೋ ವಸ್ತು ಬಳಕೆಯಿಂದ ಹೋದ್ರೆ ಪುಡಿ ಮಾಡ್ಬೇಕು. ನಿಯಮ."

"ನಾನು ಹೋಗೋ ದಿನಾನೇ ಅದೂ ಪುಡಿ," ಅಂದ ಅಜ್ಜ. "ಕೈಯಲ್ಲಿ ಉಜ್ಜಿದ ಕೊನೇದು. ಹದಿನಾಲ್ಕು ತಿಂಗಳು ಉಜ್ಜಿದೀನಿ. ಹನ್ನೊಂದು ಜನಕ್ಕೆ ಹೇಳಿಕೊಟ್ಟೆ, ಕೂತಿದ್ದು ಅವಳೊಬ್ಬಳು. ಮುಗಿಯೋ ಮುಂಚೆ ಎಬ್ಬಿಸಿಬಿಟ್ರು. ಅರ್ಧ ಕಲಿತ ಕೈ ನೋಯುತ್ತೆ ಮೇಡಂ. ತಟ್ಟೆ ಎದುರಿಗಿದ್ರೆ ಉಳಿದರ್ಧ ಅದೇ ಕಲಿಸುತ್ತೆ."

"ಮುನ್ನೂರ ನಲವತ್ತು ಮನೆ?"

ಅಜ್ಜ ತನ್ನ ಅಂಗೈ ನೋಡಿಕೊಂಡ. "ಅದು ನನ್ನ ತಲೆಗೆ ಬರಲಿಲ್ಲ. ನಲವತ್ತೊಂದು ವರ್ಷ ಒಂದು ತಟ್ಟೆಯಗಲಾನೇ ನೋಡಿದ್ದು. ತಪ್ಪಾಯ್ತು."

ಪೆಟ್ಟಿಗೆ ಬಿಚ್ಚಿದ್ದು ಗುರುವಾರ ಸಂಜೆ ಐದೂ ಕಾಲಿಗೆ. ಒಂದು ಹಗಲು, ಒಂದು ರಾತ್ರಿ, ಮೇಲೆ ಐದು ನಿಮಿಷ. ಕೈಗವಸು ಹಾಕಿಕೊಂಡೇ ಬಿಚ್ಚಿದರು. ಇನ್ಸ್‌ಪೆಕ್ಟರ್ ಅಜ್ಜನನ್ನೂ ಕರೆಸಿ ನಿಲ್ಲಿಸಿದ್ದಳು.

"ಸಮ ಇದೆ ಅಂತ ಹೇಗೆ ಗೊತ್ತಾಗುತ್ತೆ?"

ಯಾರೋ ಕೇಳಿದರಲ್ಲ ಎಂದು ಅವನ ಮುಖ ಬೆಳಗಿತು. "ಕಣ್ಣಿಗೆ ಗೊತ್ತಾಗಲ್ಲ. ಮೆಲ್ಲಗೆ ಉಸಿರು ಬಿಡಿ. ಮಂಜು ಕೂರುತ್ತೆ. ಅಂಚಿಂದ ನಡುವಿಗೆ ದುಂಡಗೆ ಆರಬೇಕು. ಎಲ್ಲಾದ್ರೂ ತಡ ಮಾಡ್ತೋ, ಅಲ್ಲಿ ನಿಮ್ಮ ಕೈ ಸೋಮಾರಿಯಾಗಿತ್ತು ಅಂತ."

ಆಕೆ ಬಗ್ಗಿ ಉಸಿರು ಬಿಟ್ಟಳು. ಮಂಜು ದುಂಡಗೆ ಕುಗ್ಗುತ್ತಾ ನಡುವಿಗೆ ಬಂದು ಸಾಸಿವೆ ಕಾಳಾಗಿ ಇಲ್ಲವಾಯಿತು. ನಿಧಾನಿ ಬರೆದುಕೊಳ್ಳತೊಡಗಿದ್ದ. "ಅದು ಪಂಚನಾಮೆಗೆ ಬೇಡ," ಅಂದಳು.

ಬಂಧನದ ಪತ್ರದಲ್ಲಿ ಒಂದು ಕಾಲಂ ಇದೆ: ವಿಷಯ ಯಾರಿಗೆ ತಿಳಿಸಬೇಕು? ಅಜ್ಜನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಪೆಟ್ಟಿಗೆಯ ಮೇಲಿದ್ದ ವಿಳಾಸವನ್ನೇ ಹೇಳಿದ.

"ಇದಕ್ಕೂ ಲೈಸೆನ್ಸ್ ಬೇಕಾ ಮೇಡಂ?" ನಿಧಾನಿ ಕೇಳಿದ. ಈ ಸಲ ಅದು ತಮಾಷೆಯಾಗಿರಲಿಲ್ಲ.

ಇನ್ಸ್‌ಪೆಕ್ಟರ್ ತನ್ನ ಕೈಯಾರೆ ಎರಡು ಸಾಲಿನ ಕಾಗದ ಬರೆದಳು. ತಟ್ಟೆ ಸಿಕ್ಕಿದೆ, ಅಜ್ಜನ ಬಂಧನವಾಗಿದೆ, ಅಷ್ಟೇ. ಕಾರ್ಖಾನೆ ಉಳಿಯಿತು. ಕೇಸು ಮುಗಿಯುವವರೆಗೆ ತಟ್ಟೆಯನ್ನು ಪುಡಿ ಮಾಡುವಂತಿಲ್ಲವಾದ್ದರಿಂದ ಅದೂ ಉಳಿಯಿತು, ಠಾಣೆಯ ಕಪಾಟಿನಲ್ಲಿ, ಅಜ್ಜನ ಕೋಣೆಯಿಂದ ತರಿಸಿದ ಆ ದಿಂಬಿನ ಮೇಲೆ. ಅಜ್ಜ ಜಾಮೀನಿನ ಮೇಲೆ ಪ್ರತಿ ಸೋಮವಾರ ಸಹಿ ಹಾಕಲು ಬರುತ್ತಾನೆ. ಕಪಾಟಿನ ಕಡೆ ನೋಡುತ್ತಾನೆ, ಕೇಳುವುದಿಲ್ಲ.

ತಿಂಗಳ ಮೇಲೆ ಆ ಹೆಣ್ಣುಮಗಳ ಉತ್ತರ ಬಂತು. ಅತ್ತಿರಬಹುದು, ಬೈದಿರಬಹುದು ಎಂದುಕೊಂಡು ಇನ್ಸ್‌ಪೆಕ್ಟರ್ ಒಡೆದಳು. ನಮ್ಮ ಭಾಷೆಯಲ್ಲೇ, ಕಲಿತವರ ದುಂಡಕ್ಷರದಲ್ಲಿ, ಒಂದೇ ಸಾಲು:

'ಬಿಚ್ಚುವ ಮುಂಚೆ ಒಂದು ಹಗಲು ಒಂದು ರಾತ್ರಿ ಬಿಟ್ಟಿದ್ದಿರಾ?'

ಆ ಸೋಮವಾರ ಇನ್ಸ್‌ಪೆಕ್ಟರ್ ಅದನ್ನು ಅಜ್ಜನ ಕೈಗೆ ಕೊಟ್ಟಳು. ಅವನು ಓದಿ, ಮಡಿಸಿ, ಜೇಬಿಗಿಟ್ಟುಕೊಂಡು, ಸಹಿ ಹಾಕುವುದನ್ನೇ ಮರೆತು ಹೊರಟುಹೋದ. ಯಾರೂ ಹಿಂದಕ್ಕೆ ಕರೆಯಲಿಲ್ಲ.

ಕತೆ ಇಷ್ಟೇ. ಆದರೆ ಸ್ವಲ್ಪ ಇರಿ, ಏಳಬೇಡಿ. ಉಸಿರು ಬಿಟ್ಟು ನೋಡುವ ಆ ವಿದ್ಯೆ ಈಗ ನಿಮಗೂ ಗೊತ್ತಾಯಿತು. ನೀವು ಯಾವ ದೇಶದವರೆಂದು ನಾನು ಕೇಳಲೇ ಇಲ್ಲ; ಆಚೆಯವರಾದರೆ ನಾನು ಹೇಳಿದ್ದೂ ರಫ್ತೇ. ನೀವು ಅದನ್ನು ಕಲಿತದ್ದು ನಾನು ಯಾರಿಗೂ ಹೇಳಬಾರದು ಎಂದಿದ್ದರೆ ನೀವು ಕೂತ ಸ್ಟೂಲನ್ನೇ ಇತ್ತ ಎಳೆದುಕೊಂಡು, ನಿಮ್ಮ ಕೈಗೆ ಗೊತ್ತಿದ್ದು ಇದುವರೆಗೆ ಯಾರೂ ಕೇಳದ ಒಂದು ಕೆಲಸ ನನಗೆ ಹೇಳಿಕೊಡಿ. ಪೂರ್ತಿ ಹೇಳಿಕೊಡಿ, ಅರ್ಧಕ್ಕೆ ಬಿಡಬೇಡಿ.