ಅವನನ್ನು ಅಣ್ಣ ಎನ್ನಲಾರೆ

"ಅಲ್ಲಿಂದ ಹಾರಬೇಡ."

ಹಿಂದಿನಿಂದ ಬಂದ ಕೈಯೊಂದು ಶ್ರದ್ಧಾಳ ಮೊಣಕೈ ಹಿಡಿದು ಎಳೆದೇಬಿಟ್ಟಿತು. ಬಂಡೆಯ ಅಂಚಿನಲ್ಲಿ ಅವಳು ಕಣ್ಣು ಮುಚ್ಚಿ, ಮೂಗು ಹಿಡಿದು, ನೆನಪಿಗೆ ಬಂದ ದೇವರಿಗೆಲ್ಲ ಮನಸ್ಸಿನಲ್ಲೇ ಕೈ ಮುಗಿದು ಸಿದ್ಧಳಾಗಿದ್ದಳು. ತಿರುಗಿ ನೋಡಿದರೆ ಗುರುತೇ ಇಲ್ಲದ ಹುಡುಗ. ತಲೆಯಿಂದ ಪಾದದವರೆಗೆ ನೀರು ಇಳಿಯುತ್ತಿದೆ.

"ಕೈ ಬಿಡು. ನಿನ್ನನ್ನು ಯಾರು ಕೇಳಿದ್ದು?"

"ಕೆಳಗೆ ಕಲ್ಲುಂಟು. ಮೇಲಿಂದ ಕಾಣುವುದಿಲ್ಲ. ನಾನು ಈಗಷ್ಟೇ ಮುಳುಗಿ ನೋಡಿ ಬಂದೆ."

ಅವಳು ಬಗ್ಗಿ ನೋಡಿದಳು. ಹಸಿರು ನೀರು ನಿಶ್ಚಿಂತೆಯಿಂದ ಮಲಗಿತ್ತು. ಆದರೆ ಅವನ ಅಂಗೈ ತರಚಿ ಕೆಂಪಾಗಿದ್ದದ್ದು ಕಣ್ಣಿಗೆ ಬಿತ್ತು. ಆ ಕಲ್ಲನ್ನು ಅವನು ಕೈಯಿಂದಲೇ ತಡವಿ ಬಂದಿದ್ದ. ಶ್ರದ್ಧಾಳಿಗೆ ಮೈಯೆಲ್ಲ ಜುಮ್ಮೆಂದಿತು. ಅದರ ಬೆನ್ನಿಗೇ ಸಿಟ್ಟೂ ಬಂತು. ನಾವು ಯಾರನ್ನು ಬೈಯಲು ಹೊರಟೆವೋ ಅವನ ಮಾತೇ ಸರಿಯಾಗಿಬಿಟ್ಟರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಅದು ಎರಡು ಸಾವಿರದ ಹನ್ನೆರಡರ ದಸರಾ ರಜೆ. ಮುಂಬಯಿ ಹೊರವಲಯದ ಡೊಂಬಿವಿಲಿಯ ಒಂದೇ ಕಟ್ಟಡದ ಎರಡು ಕುಟುಂಬಗಳು ಮುರಬಾಡಿನ ಆಚೆ, ಪರಿಚಯದವರ ತೋಟದ ಮನೆಗೆ ಎರಡು ದಿನಕ್ಕೆಂದು ಬಂದಿದ್ದವು. ಒಂದು ಉಡುಪಿ ಕಡೆಯ ಶ್ರದ್ಧಾಳ ಮನೆಯವರದು. ಇನ್ನೊಂದು ಪಕ್ಕದ ಬಾಗಿಲಿನ ಗುರಮ್ಮನ ಸಂಸಾರ, ಕಲಬುರ್ಗಿ ಕಡೆಯದು. ಗುರಮ್ಮನ ಮಗ ಹೃಷೀಕೇಶ ತನ್ನ ಕಾಲೇಜಿನ ಗೆಳೆಯನನ್ನೂ ಬರಹೇಳಿದ್ದ. ಹೆಸರು ಯತಿನ್. ಕಳಂಬೋಲಿಯ ಉಕ್ಕಿನ ಮಾರ್ಕೆಟ್ಟಿನಲ್ಲಿ ಅವನ ಅಪ್ಪನ ಕ್ಯಾಂಟೀನು. ಬೆಳಗಿನ ಮೊದಲ ಬಸ್ಸಿಗೇ ಬಂದಿಳಿದವನು ಚಹಾ ಕೂಡ ಕುಡಿಯದೆ ನೀರಿಗೆ ಬಿದ್ದಿದ್ದನಂತೆ.

ಗುಡ್ಡದಿಂದ ಧುಮುಕುವ ಹೊಳೆ ಬಂಡೆಯ ಬುಡದಲ್ಲಿ ಕೊರೆದ ಆ ಮಡುವಿಗೆ ಊರವರು ಡೋಹ ಎನ್ನುತ್ತಿದ್ದರು. ಅದಕ್ಕೆ ಎಲ್ಲಿಂದ ಹಾರಬಹುದು, ಎಲ್ಲಿಂದ ಕೂಡದು ಎಂದು ಯತಿನ್ ಅವರನ್ನು ಕೇಳಿ ತಿಳಿದುಕೊಂಡಿದ್ದ. ಕೇಳಿದ್ದು ಸಾಲದೆಂದು ತಾನೂ ಮುಳುಗಿ ನೋಡಿದ್ದ.

"ಹಾರಲೇಬೇಕಾದರೆ ಈ ಕಡೆ ಬಾ. ಮೊದಲು ಕೆಳಗಿನ ಮೆಟ್ಟಿಲಿಂದ. ಕಾಲು ಜೋಡಿಸಿ ನೆಟ್ಟಗೆ ಹಾರು. ನಾನು ನೀರಿನಲ್ಲಿರುತ್ತೇನೆ."

"ನನಗೆ ಈಜು ಬರುತ್ತದೆ."

"ಗೊತ್ತು. ಆದರೂ ಇರುತ್ತೇನೆ."

*ಆದರೂ ಇರುತ್ತೇನೆ...* ಎಷ್ಟು ಸಾದಾ ಮಾತು! ಶ್ರದ್ಧಾಳಿಗೆ ಯಾಕೋ ಅದು ಕಿವಿಯಲ್ಲೇ ಉಳಿದುಬಿಟ್ಟಿತು.

ಕೆಳಗಿನ ಮೆಟ್ಟಿಲಿಂದ ಹಾರಿದಳು. ಮತ್ತೆ ಹಾರಿದಳು. ಧೈರ್ಯ ಬಂದ ಮೇಲೆ ಮೇಲಿನ ಬಂಡೆಗೂ ಹತ್ತಿದಳು. ದಡದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಅಮ್ಮ ಜಯಲತಾ, ಕೈಕಾಲು ಮುರಿದುಕೊಂಡರೆ ತಾನು ಆಸ್ಪತ್ರೆಗೆ ಬರುವುದಿಲ್ಲ ಎಂದು ಸಾರಿ ಹೇಳಿದಳು. ಹೇಳಿದವಳು ಈರುಳ್ಳಿ ಬಿಟ್ಟು ನೀರಿನ ಅಂಚಿಗೇ ಬಂದು ನಿಂತಿದ್ದಳು, ಅದು ಬೇರೆ ಮಾತು.

ಮೇಲಿನಿಂದ ಎಲ್ಲವೂ ಚಿಕ್ಕದಾಗಿ ಕಂಡಿತು. ಅಮ್ಮ ಚಿಕ್ಕವಳು. ಯತಿನ್ ನೀರಿನಲ್ಲೊಂದು ತಲೆ ಮಾತ್ರ. ಆ ತಲೆ ಅವಳನ್ನೇ ನೋಡುತ್ತಿತ್ತು. ಅವಳು ಹಾರಿದಳು.

ಗಾಳಿ ಕಿವಿಯಲ್ಲಿ ಸುಯ್ಯೆಂದಿತು. ಆಮೇಲೆ ತಣ್ಣನೆಯ ಕತ್ತಲು. ಕೈಕಾಲು ಬಡಿದು ಮೇಲೆ ಬಂದಾಗ ಅವಳಿಗೆ ಗೊತ್ತಿಲ್ಲದೆಯೇ ಜೋರಾಗಿ ನಗು ಬಂದಿತ್ತು. ಒಂದು ಮಾರು ದೂರದಲ್ಲಿ ಯತಿನ್ ಕೂಡ ನಗುತ್ತಿದ್ದ. ಅವನು ಮುಟ್ಟಲಿಲ್ಲ, ಹತ್ತಿರವೂ ಬರಲಿಲ್ಲ. ಅವಳು ದಡ ಸೇರುವವರೆಗೆ ಪಕ್ಕದಲ್ಲಿ ಈಜುತ್ತ ಬಂದ, ಅಷ್ಟೇ.

ಮಧ್ಯಾಹ್ನವೆಲ್ಲ ಕಾದ ಬಂಡೆಯ ಮೇಲೆ ಮೂವರೂ ಬಟ್ಟೆ ಒಣಗಿಸಿಕೊಳ್ಳುತ್ತ ಹರಟೆ ಹೊಡೆದರು. ಹೃಷೀಕೇಶನಿಗೆ ನಿದ್ದೆ ಹತ್ತಿದ್ದು ಉಳಿದಿಬ್ಬರಿಗೂ ತಿಳಿಯಲಿಲ್ಲ. ಹುಟ್ಟಿದ್ದು ಮುಂಬಯಿಯ ಕಡೆಯೇ ಆದ್ದರಿಂದ ತನ್ನ ತುಳು ಕೇಳಿದರೆ ಊರಿನ ಅಜ್ಜಿ ನಗುತ್ತಾಳೆ ಎಂದು ಯತಿನ್ ಹೇಳಿದ. ತನ್ನದೂ ಅದೇ ಪಾಡು ಎಂದು ಅವಳು ಹೇಳಿದಳು. ನಾಳೆ ಬೆಳಿಗ್ಗೆ ಮೇಲಿನ ಬಂಡೆಯಿಂದ ಇಬ್ಬರೂ ಒಟ್ಟಿಗೆ ಹಾರುವುದೆಂದು ಮಾತಾಯಿತು.

*ಇವನು ನನಗೆ ಇಷ್ಟ.* ಹತ್ತೊಂಬತ್ತು ವರ್ಷದ ಶ್ರದ್ಧಾಳ ಮನಸ್ಸು ಸುತ್ತು ಬಳಸಲಿಲ್ಲ. ಇಷ್ಟವೆಂದರೆ ಇಷ್ಟ, ಅಷ್ಟೇ!

ಆದರೆ ಸಂಜೆಯ ಚಹಾ ಇನ್ನೂ ಬಾಕಿಯಿತ್ತು.

ತುಳುವರು ಹೊಸಬರನ್ನು ಕಂಡರೆ ಎರಡು ಪ್ರಶ್ನೆ ಕೇಳದೆ ಬಿಡುವುದಿಲ್ಲ. ಊರಿನಲ್ಲಿ ಮನೆ ಎಲ್ಲಿ? ಬರಿ ಯಾವುದು? ಜಯಲತಾ ಯತಿನ್‌ನ ತಟ್ಟೆಗೆ ಇನ್ನೊಂದು ಬನ್ಸ್ ಹಾಕುತ್ತ ಎರಡನ್ನೂ ಕೇಳಿದಳು.

"ಮನೆ ಪಡುಬಿದ್ರಿ ಹತ್ತಿರ ಆಂಟಿ. ಬರಿ... ಬಂಗೇರ."

ಜಯಲತಾಳ ಮುಖ ಅರಳಿತು. "ಬಂಗೇರವಾ? ನಮ್ಮದೂ ಅದೇ ಅಲ್ವಾ ಮಗ!"

ಬರಿ ಎಂದರೆ ಏನೆಂದು ಗುರಮ್ಮ ಕೇಳಿದಳು. ಕುಲದ ಬಳ್ಳಿ, ನಿಮ್ಮಲ್ಲಿ ಕೆಲವರು ಗೋತ್ರ ಅನ್ನುವುದಿಲ್ಲವೇ ಹಾಗೆ, ಒಂದೇ ಬರಿಯವರು ಎಲ್ಲೇ ಹುಟ್ಟಿರಲಿ ಒಡಹುಟ್ಟಿದವರ ಲೆಕ್ಕ, ಅವರೊಳಗೆ ಮದುವೆ ಕೂಡದು ಎಂದು ಜಯಲತಾ ವಿವರಿಸಿದಳು. ಶ್ರದ್ಧಾಳಿಗೆ ಇದು ಹೊಸದಲ್ಲ. ಕಾಲೇಜಿನಲ್ಲಿ ಅಪ್ಪನ ಹೆಸರು ಹಿಡಿದು ಅವಳು ಶ್ರದ್ಧಾ ಕೋಟ್ಯಾನ್. ಆದರೆ ಬರಿ ತಾಯಿಯಿಂದ ಬರುವಂಥದ್ದು. ಆ ಲೆಕ್ಕದಲ್ಲಿ ಅವಳು ಅಮ್ಮನಂತೆಯೇ ಬಂಗೇರ.

"ನನ್ನ ಮಗಳಿಗೆ ಅಣ್ಣತಮ್ಮಂದಿರಿಲ್ಲ. ದೇವರೇ ಕಳಿಸಿದ ಹಾಗಾಯ್ತು ನೋಡು. ಈ ಸಲ ಭಾವುಬೀಜಕ್ಕೆ ನಮ್ಮಲ್ಲಿಗೆ ಬಾ, ಅಮ್ಮನನ್ನೂ ಕರಕೊಂಡು ಬಾ. ಇವಳು ಆರತಿ ಎತ್ತಲಿ."

ಭಾವುಬೀಜ ಎಂದರೆ ಡೊಂಬಿವಿಲಿ, ಕಳಂಬೋಲಿಯ ಹುಡುಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದೀಪಾವಳಿಯಲ್ಲಿ ತಂಗಿ ಅಣ್ಣನಿಗೆ ಆರತಿ ಎತ್ತುವ ದಿನ.

ಯತಿನ್ ಶ್ರದ್ಧಾಳ ಕಡೆ ನೋಡಿದ. ಏನಾದರೂ ಹೇಳು ಎಂಬಂತಿತ್ತು ಆ ನೋಟ. ಅವಳು ಚಹಾದ ಲೋಟಕ್ಕೆ ಮುಖ ಬಗ್ಗಿಸಿದಳು. ಕಣ್ಣೀರು ಬಂದುಬಿಡುತ್ತದೆಂಬ ಹೆದರಿಕೆ ಅವಳದು. ತಾನು ಅಣ್ಣನಾಗುವುದು ಇವಳಿಗೆ ಒಪ್ಪಿಗೆ ಎಂದೇ ಅವನಿಗೆ ಅರ್ಥವಾಯಿತು. ಬೇಡ ಎನ್ನುವುದನ್ನು ಇಷ್ಟು ಮೆತ್ತಗೆ ಹೇಳುತ್ತಿದ್ದಾಳೆ ಎಂದುಕೊಂಡು ಅವನು ಬನ್ಸನ್ನು ಅರ್ಧಕ್ಕೇ ಬಿಟ್ಟು ಎದ್ದ.

ಮರುದಿನ ಬೆಳಿಗ್ಗೆ ಮೇಲಿನ ಬಂಡೆಯ ಮೇಲೆ ಅವನು ಕಾದ. ಅವಳು ಬಂದಳು, ಆದರೆ ಅಂಚಿನವರೆಗೆ ಬರಲಿಲ್ಲ.

"ತಲೆನೋವು. ನೀನು ಹಾರು."

"ನಿನ್ನೆ ಹೇಳಿದ್ದೆಯಲ್ಲ?"

"ನಿನ್ನೆಯದು ನಿನ್ನೆಗೆ."

ಅವನು ಒಬ್ಬನೇ ಹಾರಿದ. ನೀರು ಎದ್ದ ಸದ್ದು ಕೇಳುವ ಮೊದಲೇ ಅವಳು ತೋಟದ ಮನೆಯ ದಾರಿ ಹಿಡಿದಿದ್ದಳು. ಅಷ್ಟು ದೂರವೂ ಅತ್ತಳು. ಒಂದು ದಿನದ ಪರಿಚಯಕ್ಕೆ ಇಷ್ಟು ಅಳುವುದೇ ಎಂದು ತನ್ನನ್ನು ತಾನೇ ಬೈದುಕೊಂಡಳು. ಬೈದುಕೊಂಡರೆ ಅಳು ನಿಲ್ಲುತ್ತದೆಯೇ?

ಡೊಂಬಿವಿಲಿಗೆ ಮರಳಿದ ಮೇಲೆ ಅವನಿಂದ ಮೆಸೇಜು ಬಂತು. ತಲೆನೋವು ಹೇಗಿದೆ ಎಂದು ಮೊದಲನೆಯದು. ತನ್ನಿಂದ ತಪ್ಪೇನಾದರೂ ಆಯಿತೇ ಎಂದು ಎರಡನೆಯದು. ಅವಳು ಉತ್ತರ ಬರೆದಳು, ಅಳಿಸಿದಳು. *ಏನಂತ ಬರೆಯಲಿ? ಅಣ್ಣ ಅಂತ ಶುರು ಮಾಡಲಾ...?* ಕೊನೆಗೆ ಮೆಸೇಜುಗಳೂ ನಿಂತವು.

ದೀಪಾವಳಿ ಬಂತು. ಕಿಟಕಿಗಳಲ್ಲೆಲ್ಲ ಆಕಾಶದೀಪ ತೂಗಿದವು. ಅವನು ಬರುವುದಿಲ್ಲ ಎಂದೇ ಶ್ರದ್ಧಾ ಧೈರ್ಯ ತಂದುಕೊಂಡಿದ್ದಳು. ಬಾರದಿದ್ದರೆ ಸಾಕು ಎಂದು ಬೇಡಿಕೊಂಡಳು. ಬಂದರೆ ಒಮ್ಮೆ ನೋಡಬಹುದಲ್ಲ ಎಂದೂ ಅನ್ನಿಸಿತು. ಈ ಎರಡರ ನಡುವೆ ಬಾಗಿಲ ಗಂಟೆ ಸದ್ದು ಮಾಡಿತು.

ಯತಿನ್ ಬಂದಿದ್ದ. ಜೊತೆಗೆ ಮಿಠಾಯಿ ಡಬ್ಬ ಹಿಡಿದ ಅವನ ತಾಯಿ ಸುಂದರಿ. ಮಗನಿಗೆ ಬರಲು ಮನಸ್ಸಿರಲಿಲ್ಲವಂತೆ. ತಂಗಿ ಇಲ್ಲದವನನ್ನು ಕರೆದು ಆರತಿ ಎತ್ತುತ್ತೇವೆ ಎನ್ನುವವರ ಮನೆಗೆ ಹೋಗದೆ ಇರುವುದುಂಟೇ ಎಂದು ತಾನೇ ಗದರಿಸಿ ಹೊರಡಿಸಿದೆ ಎಂದಳು ಸುಂದರಿ.  ಯತಿನ್ ಸ್ವಲ್ಪ ಸೊರಗಿದ್ದ.

ಜಯಲತಾ ಮಣೆ ಹಾಕಿದಳು. ಅವನು ತಲೆಯ ಮೇಲೆ ಕರವಸ್ತ್ರ ಇಟ್ಟುಕೊಂಡು ಕುಳಿತ. ಹಬ್ಬದ ಮನೆಯಲ್ಲಿ ಅಷ್ಟು ಸಪ್ಪೆ ಮುಖದ ಅಣ್ಣನನ್ನು ಯಾರೂ ಕಂಡಿರಲಿಕ್ಕಿಲ್ಲ. ಶ್ರದ್ಧಾ ತಟ್ಟೆ ಹಿಡಿದು ಎದುರು ನಿಂತಳು. ಕುಂಕುಮ, ಅಕ್ಕಿಕಾಳು, ಉರಿಯುವ ದೀಪ. 

ಹಣೆಗೆ ಕುಂಕುಮ ಇಟ್ಟರೆ ಮುಗಿಯಿತು. ಆಮೇಲೆ ಪ್ರತಿವರ್ಷ ಇವನು ಬರುತ್ತಾನೆ, ಒಂದು ದಿನ ಹೆಂಡತಿಯನ್ನೂ ಕರೆದುಕೊಂಡು ಬರುತ್ತಾನೆ. ತಾನು ನಗುತ್ತ ಬಡಿಸಬೇಕು...

ಅವಳು ತಟ್ಟೆಯನ್ನು ಮೆಲ್ಲಗೆ ನೆಲದ ಮೇಲಿಟ್ಟಳು.

"ನನ್ನಿಂದ ಆಗುವುದಿಲ್ಲ ಅಮ್ಮ."

"ಎಂತ ಆಗುವುದಿಲ್ಲ?"

"ಇವನನ್ನು ಅಣ್ಣ ಅನ್ನಲಿಕ್ಕೆ." ಅವಳು ಅಮ್ಮನ ಕಡೆ ತಿರುಗಿದಳು. "ಬರಿ ಒಂದೇ ಅಂತ ಗೊತ್ತುಂಟು. ನಾನು ಏನನ್ನೂ ಕೇಳುವುದಿಲ್ಲ, ಇನ್ನು ಭೇಟಿಯೂ ಆಗುವುದಿಲ್ಲ. ಆದರೆ ಮನಸ್ಸಿನಲ್ಲಿ ಒಂದಿಟ್ಟುಕೊಂಡು ಕೈಯಲ್ಲಿ ಸುಳ್ಳು ಆರತಿ ಎತ್ತಲಾರೆ."

 ಜಯಲತಾಳ ಮುಖ ಬಿಳಿಚಿಕೊಂಡಿತು. ಯತಿನ್ ತಲೆಯ ಮೇಲಿನ ಕರವಸ್ತ್ರ ತೆಗೆದು ಕೈಯಲ್ಲಿ ಮುದ್ದೆ ಮಾಡಿದ. ಅವಳ ಮೌನಕ್ಕೆ ಇಷ್ಟು ದಿನ ತಾನು ಕೊಟ್ಟುಕೊಂಡ ಅರ್ಥವೆಲ್ಲ ತಲೆಕೆಳಗಾಗಿತ್ತು.

ಮೊದಲು ಬಾಯಿ ತೆರೆದವಳು ಸುಂದರಿ.

"ಬರಿ ಒಂದೇ ಅಂತ ಹೇಳಿದ್ದು ಯಾರು?"

"ನಿಮ್ಮ ಮಗನೇ. ಬಂಗೇರ ಅಂದನಲ್ಲ" ಎಂದಳು ಜಯಲತಾ.

ಸುಂದರಿ ಮಗನ ಕಡೆ ತಿರುಗಿದಳು. "ಬಂಗೇರ ನಿನ್ನ ಅಪ್ಪನದ್ದು ಮಾರಾಯ. ನಾನು ಸಾಲ್ಯಾನ್ ಬರಿಯವಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವ ಸಾಲ್ಯಾನ್ ಅಲ್ಲದೆ ಇನ್ನೆಂತ?"

"ಕಾಲೇಜಿನಲ್ಲಿ ಬಂಗೇರ ಅಂತಲೇ ಉಂಟಲ್ಲ ಅಮ್ಮ. ಬರಿ ಅಂದರೆ ಸರ್‌ನೇಮ್ ಅಂದುಕೊಂಡೆ" ಎಂದ ಯತಿನ್, ಕಿವಿ ಕೆಂಪಗಾಗಿಸಿಕೊಂಡು. ಊರಿನಲ್ಲಿ ಬೆಳೆದ ಚಿಕ್ಕ ಮಕ್ಕಳೂ ಮಾಡದ ತಪ್ಪನ್ನು ಕಳಂಬೋಲಿಯಲ್ಲಿ ಬೆಳೆದವನು ಮಾಡಿದ್ದ.

ಜಯಲತಾ ಬೆರಳು ಮಡಚಿ ಲೆಕ್ಕಕ್ಕೆ ಬಿದ್ದಳು. ಇವನ ಅಪ್ಪ ಬಂಗೇರ. ತಾನೂ ಬಂಗೇರ. ಹಾಗಾದರೆ ಅವರು ತನಗೆ ಅಣ್ಣ. ಅಣ್ಣನ ಮಗನೆಂದರೆ...

"ಅಯ್ಯೋ, ಇವ ಶ್ರದ್ಧಾಳಿಗೆ ಮಾವನ ಮಗ ಆದ ಹಾಗಾಯ್ತಲ್ಲ!"

ಮಾವನ ಮಗನೆಂದರೆ ಕೂಡದ ಸಂಬಂಧವಲ್ಲ, ಹಿರಿಯರು ಹುಡುಕಿಕೊಂಡು ಹೋಗುವ ಸಂಬಂಧ. ಸುಂದರಿಗೆ ನಗು ತಡೆಯಲಾಗಲಿಲ್ಲ. ಜಯಲತಾ ನಗಲೋ ಬೈಯಲೋ ತಿಳಿಯದೆ ಕೊನೆಗೆ ಹಿರಿಯಳಂತೆ ಗಂಟಲು ಸರಿಮಾಡಿಕೊಂಡಳು. ಇಬ್ಬರೂ ಮೊದಲು ಓದು ಮುಗಿಸಬೇಕು, ಕೆಲಸ ಹಿಡಿಯಬೇಕು, ಅಲ್ಲಿಯವರೆಗೆ ಬೇರೆ ಮಾತಿಲ್ಲ ಎಂದಳು. ಬೇಡ ಎಂದು ಮಾತ್ರ ಹೇಳಲಿಲ್ಲ. ಶ್ರದ್ಧಾ ಅದನ್ನು ಗಮನಿಸಿದಳು.

ಹಚ್ಚಿದ ಆರತಿಯನ್ನು ಹಾಗೇ ಆರಿಸಬಾರದೆಂದು ಜಯಲತಾ ಸುಂದರಿಯ ಫೋನಿನಲ್ಲೇ ಕ್ಯಾಂಟೀನಿಗೆ ಕರೆ ಮಾಡಿದಳು. "ಜಯಶೀಲಣ್ಣಾ, ನಾನು ನಿಮ್ಮ ತಂಗಿ ಮಾತಾಡುವುದು" ಎಂದು ಶುರುಮಾಡಿದಳು. ಆ ಕಡೆ ಯತಿನ್‌ನ ಅಪ್ಪ ಕಕ್ಕಾಬಿಕ್ಕಿಯಾಗಿರಬೇಕು. ಕ್ಯಾಂಟೀನು ಮುಚ್ಚಿ ಈಗಲೇ ಹೊರಟು ಬರಬೇಕು, ಅಣ್ಣನಿಗೆ ನಾನೇ ಆರತಿ ಎತ್ತುತ್ತೇನೆ, ಬರುವವರೆಗೆ ದೀಪಕ್ಕೆ ಎಣ್ಣೆ ಹಾಕುತ್ತಿರುತ್ತೇನೆ ಎಂದು ಅವಳು ಪಟ್ಟು ಹಿಡಿದಿದ್ದಳು.

ಆ ಗಲಾಟೆಯಲ್ಲಿ ಶ್ರದ್ಧಾ ಬಾಲ್ಕನಿಗೆ ಬಂದಳು. ಸ್ವಲ್ಪ ಹೊತ್ತಿಗೆ ಯತಿನ್ ಕೂಡ ಬಂದು, ಒಂದು ಮಾರು ದೂರದಲ್ಲಿ ನಿಂತ. ಕೆಳಗೆ ಮಕ್ಕಳು ಪಟಾಕಿ ಹಚ್ಚುತ್ತಿದ್ದರು.

"ಒಂದು ಮೆಸೇಜಿಗಾದರೂ ಉತ್ತರ ಕೊಡಬಹುದಿತ್ತು" ಎಂದ ಅವನು.

"ಕೊಟ್ಟಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆ." ಅವಳು ಅವನ ಕಡೆ ತಿರುಗಿದಳು. "ನೀನು ಯಾಕೆ ಬಂದೆ? ಅಮ್ಮ ಗದರಿಸಿದ್ದಕ್ಕಾ?"

ಅವನು ಅಲ್ಲ ಎಂದು ತಲೆಯಾಡಿಸಿದ.

"ನಿನಗೆ ನಾನು ಬೇಡ ಅಂದುಕೊಂಡಿದ್ದೆ. ಅಣ್ಣನಾಗಿಯಾದರೂ ವರ್ಷಕ್ಕೊಮ್ಮೆ ನಿನ್ನನ್ನು ನೋಡಬಹುದಲ್ಲ... ಅದಕ್ಕೆ ಬಂದೆ."

 ಈ ಸಲ ಕಣ್ಣೀರನ್ನು ಬಚ್ಚಿಡಲು ಶ್ರದ್ಧಾ ತಲೆ ಬಗ್ಗಿಸಲಿಲ್ಲ.

"ವರ್ಷಕ್ಕೊಮ್ಮೆ ನೋಡಿದರೆ ಸಾಕಾಗುತ್ತಿತ್ತಾ ನಿನಗೆ?"

"ಇಲ್ಲ" ಎಂದ ಯತಿನ್. "ಸಾಕಾಗುತ್ತಿರಲಿಲ್ಲ."