ಗಲಗಲ ಎಂದ ಡಬ್ಬಿ

ಕತ್ತರಿ ನನ್ನ ಕುತ್ತಿಗೆಗೆ ಒತ್ತಿತ್ತು, ಮೇಡಂ!

ದಪ್ಪ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಉಸಿರು ಸ್ವಲ್ಪ ಜೋರಾಗಿ ಎಳೆದರೂ ಚುಚ್ಚುತ್ತಿತ್ತು.

"ಬುಕ್ ಎಲ್ಲಿ?"

"ಯಾವ ಬುಕ್?"

"ನಾಟಕ ಆಡಬೇಡ! ಬೆಳಿಗ್ಗೆ ಎಂಟು ಗಂಟೆಗೆ ಮೆಷಿನ್ ಡ್ರಾಯರಲ್ಲಿತ್ತು. ನೀನು ಬಂದೆ. ಈಗ ಇಲ್ಲ!"

ಕೇಳುತ್ತಿದ್ದವಳು ಟೈಲರಕ್ಕ. ನೀವು ಮೂರು ವರ್ಷದಿಂದ ಫಂಡು ಕೊಡುತ್ತಿರುವ ಎಚ್‌ಐವಿ ಇರುವವರ ಸಂಘದ ಅಧ್ಯಕ್ಷೆ. ಐವತ್ತು ದಾಟಿದ ಹೆಂಗಸು. ಕೈ ಮಾತ್ರ ಒಂದಿಷ್ಟೂ ನಡುಗುತ್ತಿರಲಿಲ್ಲ. ಸಂಘದ ಆಫೀಸು ಎಂದು ನಿಮ್ಮ ಫೈಲಿನಲ್ಲಿರುವುದು ಅವಳ ಟೈಲರ್ ಅಂಗಡಿಯ ಹಿಂದಿನ ಕೋಣೆ. ಎರಡು ಹೊಲಿಗೆ ಮೆಷಿನ್, ಒಂದು ಇಸ್ತ್ರಿ ಟೇಬಲ್, ಗೋಡೆಗೆ ಒರಗಿಸಿಟ್ಟ ಹದಿನೈದು ಪ್ಲಾಸ್ಟಿಕ್ ಕುರ್ಚಿ.

ಅಷ್ಟರಲ್ಲಿ ಅಲಾರಂ ಹೊಡೆಯಿತು. ಒಂಬತ್ತು ಗಂಟೆ.

ಅಕ್ಕ ಕತ್ತರಿ ತೆಗೆಯಲಿಲ್ಲ. ಎಡಗೈಯಲ್ಲೇ ಬ್ಲೌಸಿನಿಂದ ಒಂದು ಚಿಕ್ಕ ಡಬ್ಬಿ ತೆಗೆದಳು. ಹಲ್ಲಿನಿಂದ ಮುಚ್ಚಳ ತಿರುಗಿಸಿದಳು. ಒಳಗಿದ್ದ ಹತ್ತಿಯನ್ನೂ ಹಲ್ಲಿನಿಂದಲೇ ಎಳೆದು ಟೇಬಲ್ ಮೇಲೆ ಉಗುಳಿ ಒಂದು ಮಾತ್ರೆ ಬಾಯಿಗೆ ಹಾಕಿಕೊಂಡಳು. ನೀರಿಲ್ಲದೆ ನುಂಗಿದಳು. ನನ್ನ ಕುತ್ತಿಗೆಯ ಮೇಲಿನ ಕತ್ತರಿ ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ!

ಆದರೆ ಅಲಾರಂ ಇನ್ನೂ ಹೊಡೆಯುತ್ತಲೇ ಇತ್ತು. ಅವಳದ್ದಲ್ಲ... ನನ್ನ ಜೇಬಿನದ್ದು.

"ಒಂದು ಅಪಾಯಿಂಟ್‌ಮೆಂಟ್ ಇತ್ತು," ಎಂದೆ.

ಅಕ್ಕ ನನ್ನ ಮುಖವನ್ನು ಒಂದು ನಿಮಿಷ ನೋಡಿದಳು. ಕತ್ತರಿ ಇಳಿಸಿದಳು.

"ಯಾರು ಕಳಿಸಿದ್ದು?"

"ಟ್ರಸ್ಟ್."

"ಹೆಸರು ಬೇಕು ಅಂದೋರಾ?"

"ಅವರೇ."

"ನಿಮ್ಮಿಂದಾನೇ ಕಣಯ್ಯಾ ಇದೆಲ್ಲ ಆಗಿದ್ದು!"

ನಿಜ, ಮೇಡಂ. ನಿಮಗೆ ಒಂದು ಮೂಗರ್ಜಿ ಬಂತು. ಸಂಘದಲ್ಲಿ ಅರವತ್ತೆರಡು ಜನ ಇರುವುದು ಸುಳ್ಳು, ಎಲ್ಲ ಬರೀ ಕಾಗದದ ಮೇಲೆ ಅಂತ. ಹಾಜರಿಯಲ್ಲಿ ಒಂದೂ ಸಹಿ ಇಲ್ಲ ಅಂತ. ನೀವು ಸಂಘಕ್ಕೆ ಕಾಗದ ಬರೆದಿರಿ: ನಿಜವಾದ ಹೆಸರು, ವಿಳಾಸ ಕೊಡಿ, ಇಲ್ಲದಿದ್ದರೆ ಫಂಡು ಬಂದ್. ಅದನ್ನು ತರಲು ನನ್ನನ್ನು ಕಳಿಸಿದಿರಿ.

ಹಾಜರಿಯಲ್ಲಿ ಸಹಿ ಇಲ್ಲದಿರುವುದು ನಿಜವೇ. ಗೋಡೆಯಲ್ಲಿ ಒಂದು ಬಟ್ಟೆ ತೂಗುಹಾಕಿದೆ. ಅದರ ಮೇಲೆ ಅರವತ್ತೆರಡು ಗುಂಡಿ ಹೊಲಿದಿದೆ. ಒಂದೊಂದು ಒಂದೊಂದು ಥರ. ಬಂದವರು ತಮ್ಮ ಗುಂಡಿಗೆ ಒಂದು ದಾರ ಸುತ್ತುತ್ತಾರೆ. ಅದೇ ಹಾಜರಿ! ಒಂಬತ್ತು ವರ್ಷದಿಂದ ಯಾರ ಹೆಸರನ್ನೂ ಎಲ್ಲೂ ಬರೆದಿರಲಿಲ್ಲ. ನಿಮ್ಮ ಕಾಗದ ಬಂದ ಮೇಲೆ ಅಕ್ಕ ಮೊದಲ ಸಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಳು. ಬರೆದ ಮೂರನೇ ದಿನಕ್ಕೇ ಕಳುವಾಯಿತು.

ಕಾಗದದ ಮೇಲಿನ ಹೆಸರು ಏನೇನು ಮಾಡುತ್ತದೆ ಅಂತ ನನಗೆ ಗೊತ್ತು, ಮೇಡಂ. ಹೇಗೆ ಅಂತ ಆಮೇಲೆ ಹೇಳುತ್ತೇನೆ.

ಅಕ್ಕನ ಫೋನ್ ಬಡಿದುಕೊಂಡಿತು. ಸ್ಪೀಕರ್ ಹಾಕಿದಳು. ಆ ಕಡೆ ಒಂದು ಹೆಂಗಸು ಅಳುತ್ತಿದ್ದಳು. ಸ್ಕೂಲಿನಲ್ಲಿ ಅಡುಗೆ ಕೆಲಸದವಳು.

"ಅಕ್ಕಾ... ಪುಡಿ ಡಾಕ್ಟರ್ ಫೋನ್ ಮಾಡಿದ್ದ. ಮಾತ್ರೆ ಬಿಟ್ಟು ಅವನ ಪುಡಿ ತಗೋಬೇಕಂತೆ. ಇಲ್ಲಾಂದ್ರೆ ಹೆಡ್‌ಮಾಸ್ಟರಿಗೆ ಹೇಳ್ತಾನಂತೆ! ಹನ್ನೊಂದಕ್ಕೆ ಎಲ್ಲರ ಹೆಸರೂ ಕೈಗೆ ಬರುತ್ತೆ ಅಂದ. ನನ್ನ ಹೆಸರು ಹೆಂಗಕ್ಕಾ ಗೊತ್ತಾಯ್ತು ಅವನಿಗೆ?"

"ಫೋನ್ ರೆಕಾರ್ಡ್ ಆಗಿದೆಯಾ ಕೇಳಿ," ಎಂದೆ.

ಆಗಿತ್ತು.

ಈ ಪುಡಿ ಡಾಕ್ಟರ್ ಡಾಕ್ಟರಲ್ಲ. ಎಚ್‌ಐವಿ ಗುಣ ಮಾಡುತ್ತೇನೆಂದು ಬೂದು ಬಣ್ಣದ ಪುಡಿ ಮಾರುವವನು. ಈ ಸಂಘ ವಾರವಾರ ಕ್ಲಾಸು ಮಾಡಿ, ಒಂದು ದಿನವೂ ಮಾತ್ರೆ ಬಿಡಬೇಡಿ, ಪುಡಿ ನಂಬಬೇಡಿ ಎಂದು ಹೇಳಿ ಅವನ ವ್ಯಾಪಾರಕ್ಕೆ ಕಲ್ಲು ಹಾಕಿತ್ತು. ಹೋದ ವರ್ಷ ಆಸ್ಪತ್ರೆಯಲ್ಲಿ ಮಾತ್ರೆ ಸ್ಟಾಕ್ ಮುಗಿದಾಗ ಇವರೇ ಮೂರು ದಿನ ವೆರಾಂಡದಲ್ಲಿ ಕೂತು ಮಾತ್ರೆ ತರಿಸಿದರು. ಅದೂ ನಿಮ್ಮ ಫೈಲಿನಲ್ಲಿದೆ.

"ಬುಕ್ ಇರೋ ಜಾಗ ಯಾರಿಗೆಲ್ಲ ಗೊತ್ತು?"

"ನಂಗೆ. ಕ್ಲಾಸ್ ತಗೊಳ್ಳೋ ನರ್ಸಮ್ಮಂಗೆ. ಮೈಕಣ್ಣಂಗೆ. ಇಬ್ರೂ ಬೆಳಿಗ್ಗೆ ಬಂದಿದ್ರು."

ಎಲ್ಲರ ಮೇಲೂ ನನಗೆ ಅನುಮಾನವಿತ್ತು. ಅಕ್ಕನ ಮೇಲೂ! ತನಿಖೆ ಮಾಡುವವನ ಕಸುಬೇ ಅದು.

ನರ್ಸಮ್ಮ ರಿಟೈರಾದ ನರ್ಸು. ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿದ್ದ ಚೀಲವನ್ನು ಎದೆಗೆ ಅವಚಿಕೊಂಡಿದ್ದರು.

"ಚೀಲ ತೋರಿಸಿ."

"ಯಾಕಪ್ಪಾ? ನಾನು ಕಳ್ಳಿ ಥರ ಕಾಣ್ತೀನಾ?"

"ಯಾರೂ ಕಳ್ಳರ ಥರ ಕಾಣಲ್ಲ. ಅದೇ ಪ್ರಾಬ್ಲಮ್ಮು."

ಚೀಲವನ್ನು ಟೇಬಲ್ ಮೇಲೆ ಸುರಿದರು. ಕನ್ನಡಕ, ಪರ್ಸು, ಕ್ಲಾಸಿನ ಚಾರ್ಟು. ಅಷ್ಟೆ. ಅವಮಾನಕ್ಕೆ ಅವರ ಕಣ್ಣು ತುಂಬಿತ್ತು. ನನಗೆ ನಾಚಿಕೆಯಾಯಿತು.

ಆಗಲೇ ಮೈಕಣ್ಣ ಬಂದ. ಆರು ತಿಂಗಳ ಹಿಂದೆ ಬೇರೆ ಊರಿನಿಂದ ಬಂದು ಸೇರಿದವನು. ಮೈಕಿಲ್ಲದೆ ಬೀದಿ ಕೊನೆಗೆ ಕೇಳುವ ಗಂಟಲು. ಹೊಸಬರಿಗೆ ಧೈರ್ಯ ಹೇಳುವ ಭಾಷಣವೆಲ್ಲ ಅವನದ್ದೇ.

"ಅಯ್ಯೋ ಅಕ್ಕಾ, ಈಗ ಗೊತ್ತಾಯ್ತು!" ಎಂದ. ನನ್ನನ್ನು ಪಕ್ಕಕ್ಕೆ ಎಳೆದು ಪಿಸುಗುಟ್ಟಿದ. "ಸಾರ್, ನರ್ಸಮ್ಮನ ಅಳಿಯ ಆ ಪುಡಿ ಡಾಕ್ಟರಿಗೆ ದೋಸ್ತಿ. ನಾನು ಹೇಳ್ದೆ ಅಂತ ಹೇಳ್ಬೇಡಿ."

"ಹೌದಾ?"

"ದೇವರಾಣೆ! ಒಂದ್ನಿಮಿಷ ಸಾರ್, ನನ್ನ ಮಾತ್ರೆ ಟೈಮು." ಜೇಬಿನಿಂದ ಡಬ್ಬಿ ತೆಗೆದು ನನ್ನ ಮುಖದ ಮುಂದೆ ಅಲ್ಲಾಡಿಸಿದ.

ಗಲಗಲ... ಗಲಗಲ...

ನನ್ನ ಕಿವಿ ನೆಟ್ಟಗಾಯಿತು.

"ಎಷ್ಟು ವರ್ಷದಿಂದ ತಗೋತಿದ್ದೀರಿ?"

"ಹನ್ನೊಂದು."

"ಡಬ್ಬಿ ಯಾವಾಗ್ಲೂ ಜೇಬಲ್ಲೇ ಇರುತ್ತಾ? ಬಸ್ಸಲ್ಲೂ?"

"ಎಲ್ಲೋದ್ರೂ ಜೊತೇಲೇ, ಸಾರ್."

"ಹನ್ನೊಂದು ವರ್ಷ... ಪಕ್ಕದ ಸೀಟಿನವರು ಯಾರೂ ಕೇಳಲಿಲ್ವಾ, ಜೇಬಲ್ಲಿ ಅದೇನು ಸದ್ದು ಅಂತ?"

ಅವನ ನಗು ಹಾಗೇ ನಿಂತಿತು. ಕಣ್ಣು ಅಕ್ಕನ ಡಬ್ಬಿಯ ಕಡೆ ಹೋಯಿತು. ಟೇಬಲ್ ಮೇಲೆ ಬಿದ್ದಿದ್ದ ಹತ್ತಿಯ ಕಡೆ ಹೋಯಿತು.

ಮರುಕ್ಷಣ ಇಸ್ತ್ರಿ ಪೆಟ್ಟಿಗೆ ನನ್ನ ತಲೆಯತ್ತ ಹಾರಿ ಬಂತು!

ಬಗ್ಗಿದೆ. ಗೋಡೆಯ ಗಾರೆ ಉದುರಿತು. ಮೈಕಣ್ಣ ಬಾಗಿಲು ದಾಟಿದ್ದ.

ಓಡಿದೆ.

ಬೀದಿ ತುಂಬ ಆಫೀಸಿಗೆ ಹೋಗುವವರು. ಅವನು ಒಬ್ಬನನ್ನು ಸೈಕಲ್ ಸಮೇತ ಕೆಡವಿದ. ನಾನು ಸೈಕಲ್ ಹಾರಿದೆ. ಅವನು ಬಸ್ಸಿನ ಮುಂದೆಯೇ ರಸ್ತೆ ದಾಟಿದ. ಡ್ರೈವರ್ ಬ್ರೇಕ್ ಹಾಕಿ ಅವನಿಗೆ ಬೈಯಬೇಕಾದ್ದನ್ನೆಲ್ಲ ನನಗೆ ಬೈದ! ಎದುರಿನ ದೊಡ್ಡ ಕಟ್ಟಡದ ನೆಲಮಾಳಿಗೆಗೆ ಅವನು ಇಳಿದದ್ದಷ್ಟೇ ಕಂಡಿತು. ಪಾರ್ಕಿಂಗ್ ಜಾಗ. ಅರ್ಧ ದೀಪಗಳು ಕೆಟ್ಟಿದ್ದವು. ಸಾಲು ಸಾಲು ಕಂಬ, ಸಾಲು ಸಾಲು ಕಾರು. ಹೊರಗೆ ಹೋಗಲು ಎರಡು ದಾರಿ. ತಪ್ಪು ಕಡೆ ಹೋದರೆ ಅರವತ್ತೆರಡು ಮನೆ ಹಾಳು.

ನಿಂತೆ. ಉಸಿರು ಬಿಗಿಹಿಡಿದೆ.

ನಿಶ್ಶಬ್ದ...

ಗಲ.

ಬಲಗಡೆ. ಮೂರನೇ ಕಂಬ.

ಗಲಗಲ.

ಡೈವ್ ಹೊಡೆದೆ! ಇಬ್ಬರೂ ಒಂದು ವ್ಯಾನಿಗೆ ಡಿಕ್ಕಿಯಾಗಿ ಉರುಳಿದೆವು. ಅವನ ಕೈಯಲ್ಲಿ ಬ್ಲೇಡಿತ್ತು. ನನ್ನ ಅಂಗೈ ಸೀಳಿತು. ಇನ್ನೊಂದು ಕೈಯಲ್ಲಿ ಮೂಗಿಗೆ ಒಂದು ಬಿಟ್ಟೆ. ಎರಡನೆಯದು ಬೇಕಾಗಲಿಲ್ಲ.

"ಬುಕ್!"

ಶರ್ಟಿನೊಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ.

"ಫೋಟೋ ತೆಗೆದಿದ್ದೀಯಾ?"

"ಇಲ್ಲ... ಸ್ಯಾಂಪಲ್ ಅಂತ ಪುಡಿ ಡಾಕ್ಟರಿಗೆ ಒಂದೇ ಹೆಸರು ಹೇಳಿದ್ದು. ಫೋಟೋ ಕಳಿಸಿದ್ರೆ ಆಮೇಲೆ ಅವನು ದುಡ್ಡು ಕೊಡಲ್ಲ ಸಾರ್."

ಫೋನ್ ಕಿತ್ತು ನೋಡಿದೆ. ನಿಜ. ಕಳ್ಳನಿಗೆ ಕಳ್ಳನ ಮೇಲೆ ನಂಬಿಕೆ ಇರುವುದಿಲ್ಲ. ಸದ್ಯ, ನಾವು ಬದುಕಿದೆವು!

"ಟ್ರಸ್ಟಿಗೆ ಮೂಗರ್ಜಿ ಹಾಕಿದ್ಯಾರು?"

"ಪುಡಿ ಡಾಕ್ಟರೇ. ಟ್ರಸ್ಟ್ ಕೇಳಿದ್ರೆ ಅಕ್ಕ ಬರೆದೇ ಬರೀತಾಳೆ ಅಂದ."

ಕೇಳಿಸಿತಾ ಮೇಡಂ? ಪುಡಿ ಡಾಕ್ಟರ್ ಬರೀ ಲಿಸ್ಟ್ ಕದಿಸಲಿಲ್ಲ. ಮೊದಲು ನಿಮ್ಮ ಕಾಗದದಿಂದ ಅದನ್ನು ಬರೆಸಿದ... ಆಮೇಲೆ ಕದಿಸಿದ.

ಮೈಕಣ್ಣನನ್ನು ಪೊಲೀಸರಿಗೆ ಒಪ್ಪಿಸಿ ವಾಪಸ್ ಬಂದೆ. ಅಡುಗೆ ಕೆಲಸದವಳು ತಾನೇ ಸ್ಟೇಷನ್ನಿಗೆ ಹೋಗಿ ರೆಕಾರ್ಡಿಂಗ್ ಕೊಟ್ಟಳು. ನಡುಗುತ್ತಾ ಕೊಟ್ಟಳು, ಆದರೆ ಕೊಟ್ಟಳು. ಮಧ್ಯಾಹ್ನದೊಳಗೆ ಪುಡಿ ಡಾಕ್ಟರೂ ಒಳಗಾದ.

ನರ್ಸಮ್ಮನ ಕ್ಷಮೆ ಕೇಳಿದೆ. "ಮೊದಲು ಕೈ ತೊಳ್ಕೋ," ಎಂದರು. ಅದೇ ಕ್ಷಮೆ ಅಂದುಕೊಂಡೆ. ಅಕ್ಕ ಗಾಯಕ್ಕೆ ಬಟ್ಟೆ ತಂದಳು. ನಾನು ಕೈ ಹಿಂದಕ್ಕೆಳೆದೆ.

"ನಾನೇ ಕಟ್ಕೋತೀನಿ ಅಕ್ಕಾ."

"ಕೊಡು ತಮ್ಮಾ. ನಂಗೊತ್ತು."

ಕಟ್ಟಿದಳು. ಕಟ್ಟುತ್ತಿರುವಾಗ ನಾನು ಕೇಳಿದೆ.

"ನೀವೆಲ್ಲ ಸದ್ದು ಬರಬಾರದು ಅಂತ ಡಬ್ಬಿಗೆ ಹತ್ತಿ ತುರುಕ್ತೀರಿ. ಆರು ತಿಂಗಳು ಅವನ ಡಬ್ಬಿ ಗಲಗಲ ಅಂತಿತ್ತು. ನಿಮಗೆ ಅನುಮಾನ ಬರಲಿಲ್ವಾ?"

ಅಕ್ಕ ಬಟ್ಟೆಯ ಗಂಟು ಬಿಗಿದಳು.

"ಕೇಳಿಸ್ತಿತ್ತು. ಧೈರ್ಯ ಅಂದ್ಕೊಂಡೆ. ನಾವೆಲ್ಲ ಹೆದರಿ ಸಾಯ್ತೀವಿ, ಇವನೊಬ್ಬ ಸದ್ದು ಮಾಡ್ಕೊಂಡು ಓಡಾಡ್ತಾನಲ್ಲ ಅಂತ... ಹೆಮ್ಮೆ ಪಟ್ಟೆ ಕಣೋ."

ಮೈಕಣ್ಣನಿಗೆ ಎಚ್‌ಐವಿ ಇರಲೇ ಇಲ್ಲ, ಮೇಡಂ. ಅವನ ಡಬ್ಬಿಯಲ್ಲಿದ್ದದ್ದು ಬರೀ ವಿಟಮಿನ್ ಮಾತ್ರೆ. ಯಾರಿಂದಲೂ ಏನನ್ನೂ ಬಚ್ಚಿಡಬೇಕಾಗಿಲ್ಲದವನಿಗೆ ಸದ್ದಿನ ಭಯ ಹೇಗೆ ತಿಳಿಯಬೇಕು?

ಆಮೇಲೆ ಅಕ್ಕ ಅದೇ ಕತ್ತರಿ ತೆಗೆದುಕೊಂಡು ನೋಟ್‌ಬುಕ್ಕನ್ನು ಚೂರು ಚೂರು ಮಾಡಿದಳು. ನಾನು ತಡೆಯಲಿಲ್ಲ. ಹಾಗಾಗಿ ನೀವು ಕೇಳಿದ ಲಿಸ್ಟ್ ನನ್ನ ಹತ್ತಿರ ಇಲ್ಲ, ಮೇಡಂ. ಆ ವಾರದ ನಾಲ್ಕು ಬ್ಯಾಚಿನ ಕ್ಲಾಸಿಗೂ ನಾನು ಕೂತಿದ್ದೆ. ಐವತ್ತೊಂಬತ್ತು ಗುಂಡಿಗೆ ದಾರ ಬಿತ್ತು. ಒಬ್ಬಳಿಗೆ ಹೆರಿಗೆ, ಒಬ್ಬನಿಗೆ ಡ್ಯೂಟಿ. ಇನ್ನೊಂದು ಗುಂಡಿ ಮೈಕಣ್ಣನದ್ದು. ಅದನ್ನು ಅಕ್ಕ ಕಿತ್ತು ಹಾಕಿದಳು. ಆ ಜಾಗಕ್ಕೆ ಮರುದಿನವೇ ಬೇರೊಂದು ಗುಂಡಿ ಹೊಲಿದಳು.

ಏನಂದಿರಿ? ಹೆಸರಿಲ್ಲದೆ ಬೋರ್ಡಿಗೆ ಏನು ತೋರಿಸೋದು ಅಂತಲೇ? ಇವರೆಲ್ಲ ನಿಜವಾದ ಪೇಷೆಂಟ್‌ಗಳು ಅನ್ನೋದಕ್ಕೆ, ಡಬ್ಬಿಯ ಈ ಕತೆಗೆ ನನ್ನ ಹತ್ತಿರ ಪ್ರೂಫ್ ಏನು ಅಂತಲೇ?

ಹನ್ನೊಂದು ವರ್ಷ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ತನಿಖೆ ಮಾಡುತ್ತಿದ್ದೆ, ಮೇಡಂ. ಒಂದು ದಿನ ನನ್ನ ಹೆಸರಿದ್ದ ಒಂದು ಮೆಡಿಕಲ್ ರಿಪೋರ್ಟು ತಪ್ಪು ಟೇಬಲ್ಲಿಗೆ ಹೋಯಿತು. ಒಂದೇ ಹಾಳೆ. ಸಂಜೆಯೊಳಗೆ ನನ್ನ ಕಾಫಿ ಲೋಟ ಬೇರೆಯಾಯಿತು. ತಿಂಗಳೊಳಗೆ ಕೆಲಸ ಹೋಯಿತು.

ತಗೊಳ್ಳಿ, ಇದು ನನ್ನ ಡಬ್ಬಿ. ಟೇಬಲ್ ಮೇಲಿಡುತ್ತೇನೆ. ಹೆದರಬೇಡಿ, ಮುಟ್ಟಿದರೆ ಏನೂ ಅಂಟುವುದಿಲ್ಲ. ಅದನ್ನೂ ಆ ಕ್ಲಾಸಿನಲ್ಲೇ ಹೇಳಿಕೊಡುತ್ತಾರೆ.

ಅಲ್ಲಾಡಿಸಿ ನೋಡಿ, ಮೇಡಂ... ಸದ್ದು ಬಂದರೆ ಫಂಡು ನಿಲ್ಲಿಸಿ!