ತಿರುವಿನಲ್ಲಿ ನಿಂತ ಟಿಲ್ಲಿ

"ಟಿಲ್ಲಿ, ಇಲ್ಲೇ ನಿಂತ್ಕೋ! ಬಲಕ್ಕೆ ಕೈ ತೋರಿಸ್ತಾ ಇರು. ಅಲ್ಲಾಡ್ಬೇಡ!"

ಡೆನೀಸ್ ಸೈಕಲ್ ನಿಲ್ಲಿಸಲೂ ಇಲ್ಲ. ಕೂಗುತ್ತಲೇ ಬಲಕ್ಕೆ ತಿರುಗಿ ಕಾಡಿನ ಬೀಚ್ ಮರಗಳ ನಡುವೆ ಹೊರಟೇಹೋದರು. ಟಿಲ್ಲಿ ಗಕ್ಕನೆ ಬ್ರೇಕ್ ಹಿಡಿದಳು. ಎದೆ ಡವಡವ ಅಂದಿತು. ಭಯಕ್ಕಲ್ಲ, ಹೆಮ್ಮೆಗೆ. ಅವಳಿಗೆ ತಿರುವು ಕಾಯುವ ಕೆಲಸ ಸಿಕ್ಕಿದ್ದು ಇದೇ ಮೊದಲು!

ಅವರ ಸೈಕಲ್ ಕ್ಲಬ್ಬಿನ ಪದ್ಧತಿಯೇ ಹಾಗೆ. ಪ್ರತಿ ಭಾನುವಾರ ಎಲ್ಲರೂ ಒಟ್ಟಿಗೆ ಗುಡ್ಡ ಸುತ್ತಲು ಹೊರಡುತ್ತಾರೆ. ಮುಂದಾಳು ಡೆನೀಸ್. ದಾರಿ ತಿರುಗಿದಲ್ಲೆಲ್ಲ ಅವರ ಬೆನ್ನಿಗೇ ಇದ್ದವರು ನಿಂತು ಹಿಂದಿನವರಿಗೆ ಕೈ ತೋರಿಸಬೇಕು. ಕಟ್ಟಕಡೆಗೆ ಕೀತ್ ಬರುತ್ತಾರೆ. ಅವರು "ಕೊನೆ ನಾನೇ!" ಎಂದು ಕೂಗಿದ ಮೇಲೆಯೇ ಜಾಗ ಬಿಡಬೇಕು. ತಿರುವಿನಲ್ಲಿ ಯಾರೂ ನಿಂತಿಲ್ಲವೇ? ಹಾಗಾದರೆ ನೇರ ಹೋಗಬೇಕು ಎಂದರ್ಥ. ಕ್ಲಬ್ಬಿನ ಚಿಕ್ಕ ಮಕ್ಕಳಿಗೂ ಇದು ಬಾಯಿಪಾಠ.

ಇಲ್ಲಿ ನೇರ ಹೋದರೆ ಕಡಿದಾದ ಇಳಿಜಾರು. ಎರಡೂ ಕಡೆ ಎತ್ತರದ ಮಣ್ಣಿನ ದಿಬ್ಬ, ಕೆಳಗೆಲ್ಲ ಒದ್ದೆ ಎಲೆ, ತುದಿಯಲ್ಲಿ ಲಾರಿ ಓಡಾಡುವ ದೊಡ್ಡ ರಸ್ತೆ. "ಸ್ಟ್ಯಾನ್‌ಗೆ ಆ ಇಳಿಜಾರು ಬೇಡ, ನಾವು ಬಲಕ್ಕೆ ತಿರುಗೋಣ" ಎಂದು ಡೆನೀಸ್ ಬೆಳಿಗ್ಗೆಯೇ ಹೇಳಿದ್ದರು. ಸ್ಟ್ಯಾನ್ ಅಂದರೆ ಟಿಲ್ಲಿಯ ತಾತ. ಅವನ ಬೆರಳ ಗೆಣ್ಣುಗಳು ಊದಿಕೊಂಡು ಬ್ರೇಕ್ ಬಿಗಿಯಾಗಿ ಹಿಡಿಯಲು ಬರುವುದಿಲ್ಲ. ಎಷ್ಟೋ ತಿಂಗಳು ಮನೆಯಲ್ಲೇ ಕೂತು ಕೂತು ಬೇಜಾರಾಗಿ, ಇವತ್ತು ಮತ್ತೆ ಹೊರಟಿದ್ದ.

"ಓಹೋ, ಟ್ರಾಫಿಕ್ ಪೊಲೀಸ್!" ಡೆನೀಸರ ಮಗ ಆಲ್ಫಿ ಬಂದು ಸೈಕಲ್ ನಿಲ್ಲಿಸಿದ. "ಅಳಿಲು ಬಂದ್ರೆ ಕಿರುಚ್ಕೊಂಡು ಓಡ್ಬೇಡ ಮತ್ತೆ!"

"ಹೋಗೋ ಹೋಗೋ. ಹೋದ ವಾರ ಹಸು ನೋಡಿ ಓಡಿದ್ದು ಯಾರೋ?"

"ಅದು ಹೋರಿ ಕಣೇ!"

"ಹೋರಿಯಂತೆ! ಕೆಚ್ಚಲಿತ್ತು ಅದಕ್ಕೆ!"

ಹೀಗೆ ಇಬ್ಬರೂ ಜಗಳ ಆಡುತ್ತಿದ್ದಾಗಲೇ ಒಂದು ಗುಂಪು ಸರ್ರನೆ ದಾಟಿ ಬಲಕ್ಕೆ ತಿರುಗಿತು. ಚಳಿಗೆ ಎಲ್ಲರೂ ಮೂಗಿನವರೆಗೂ ಬಟ್ಟೆ ಸುತ್ತಿಕೊಂಡಿದ್ದರು. ಆಲ್ಫಿಯೂ ನಾಲಿಗೆ ಚಾಚಿ ಅವರ ಹಿಂದೆ ಹೋದ.

ಆಮೇಲೆ ಯಾರೂ ಬರಲಿಲ್ಲ.

ಕಾಡು ಸುಮ್ಮನಾಯಿತು. ಟಿಲ್ಲಿಯ ಕೈ ನೋಯತೊಡಗಿತು. ಬೆವರು ಆರಿ ಬೆನ್ನು ತಣ್ಣಗಾಯಿತು. ಪೊದೆಯೊಳಗಿಂದ ಯಾವುದೋ ದೊಡ್ಡ ಹಕ್ಕಿ ಪಟಪಟ ರೆಕ್ಕೆ ಬಡಿದು ಕಿರುಚಿಕೊಂಡು ಹಾರಿತು. ಟಿಲ್ಲಿ ಬೆಚ್ಚಿಬಿದ್ದಳು. ಸದ್ಯ, ಆಲ್ಫಿ ಇರಲಿಲ್ಲ!

ತಾತ ಎಲ್ಲಿ? ಆಗಲೇ ಹೋದ ಗುಂಪಿನಲ್ಲೇ ಇದ್ದಿರಬೇಕು. ಇದ್ದನಾ? ಇದ್ದಿರಬೇಕು. ಕೆಫೆಯಲ್ಲಿ ಎಲ್ಲರೂ ಬಿಸಿ ಚಾಕೊಲೇಟ್ ಕುಡಿಯುತ್ತಿರಬಹುದು. ಕೇಕ್ ಮುಗಿದೇಹೋದರೆ?

ಅಷ್ಟರಲ್ಲಿ ಮರಗಳ ಸಂದಿಯಲ್ಲಿ ಕಿತ್ತಳೆ ಬಣ್ಣ ಕಾಣಿಸಿತು. ಕೀತ್ ಯಾವಾಗಲೂ ಹಾಕುವುದು ಕಿತ್ತಳೆ ಜಾಕೆಟ್ಟೇ. ಸೈಕಲ್ ಹತ್ತಿರ ಬಂತು, ಸವಾರ ಕೈ ಎತ್ತಿದ, ಬಲಕ್ಕೆ ತಿರುಗಿದ, ಹೋದ.

"ಕೊನೆ ನಾನೇ" ಎಂಬ ಮಾತು ಮಾತ್ರ ಕೇಳಿಸಲಿಲ್ಲ. ಗಾಳಿಗೆ ಹಾರಿಹೋಗಿರಬೇಕು ಎಂದುಕೊಂಡಳು ಟಿಲ್ಲಿ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಸೈಕಲ್ ಹತ್ತಿ ಒಂದೇ ಉಸಿರಿಗೆ ತುಳಿದಳು.

ಕೆಫೆ ಮುಂದಿನ ಹಳ್ಳಿಯಲ್ಲೇ ಇತ್ತು. ಟಿಲ್ಲಿ ಒಂದು ತುಂಡು ಕೇಕ್ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತಳು. ಎದುರಿಗೇ ಆ ಕಿತ್ತಳೆ ಜಾಕೆಟ್ಟಿನವನು ಹೆಲ್ಮೆಟ್ ತೆಗೆದ, ಮೂಗಿನ ಬಟ್ಟೆ ಕೆಳಗೆ ಎಳೆದ.

ಕೆಂಪು ಗಡ್ಡ!

ಕೀತ್‌ಗೆ ಗಡ್ಡವೇ ಇಲ್ಲ. ಇವನು ಯಾವುದೋ ಬೇರೆ ಕ್ಲಬ್ಬಿನವನು.

ಟಿಲ್ಲಿ ಕೇಕ್ ಕೆಳಗಿಟ್ಟಳು. "ಆಲ್ಫಿ, ನಮ್ ತಾತ ಎಲ್ಲೋ?"

"ಕೀತ್ ಜೊತೆ ಹಿಂದೆ ಇದ್ರಲ್ಲ. ಅವರು ಬಂದ್ಮೇಲೆ ತಾನೇ ನೀನು ಬಂದಿದ್ದು?"

ಟಿಲ್ಲಿ ತಾನು ಬಂದ ದಾರಿಯತ್ತ ನೋಡಿದಳು. ಯಾರಿಗೂ ಹೇಳದೆ ಓಡಿಹೋಗಿ ಅಲ್ಲೇ ಮತ್ತೆ ನಿಂತುಬಿಟ್ಟರೆ? ಯಾರಿಗೆ ಗೊತ್ತಾಗುತ್ತದೆ? ಎದ್ದು ಸೈಕಲ್‌ವರೆಗೂ ಹೋದಳು. ಬ್ರೇಕಿನ ಮೇಲೆ ಕೈಯಿಟ್ಟಾಗ ತಾತನ ಊದಿದ ಬೆರಳು ನೆನಪಾಯಿತು. ತಿರುಗಿ ಒಳಗೆ ಓಡಿದಳು.

ಡೆನೀಸ್ ಯಾರದೋ ಮಾತಿಗೆ ಜೋರಾಗಿ ನಗುತ್ತಿದ್ದರು.

"ಡೆನೀಸ್, ನಾನು... ಬೇರೆ ಯಾರನ್ನೋ ಕೀತ್ ಅಂದ್ಕೊಂಡು ಬಂದ್ಬಿಟ್ಟೆ. ತಾತ ಇನ್ನೂ ಬಂದಿಲ್ಲ."

ನಗು ನಿಂತಿತು. ಡೆನೀಸ್ ಫೋನ್ ಮಾಡಿ ನೋಡಿದರು. ಕಾಡಿನಲ್ಲಿ ಸಿಗ್ನಲ್ ಎಲ್ಲಿಂದ ಬರಬೇಕು? "ಹೆಲ್ಮೆಟ್ ಹಾಕ್ಕೋ, ನಡಿ" ಅಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು ಅನಿಸಿತು ಟಿಲ್ಲಿಗೆ.

ತಿರುವಿನಲ್ಲಿ ಯಾರೂ ಇರಲಿಲ್ಲ. ಡೆನೀಸ್ ನೇರ ದಾರಿಯತ್ತ ಬಗ್ಗಿ ನೋಡಿದರು. ಒದ್ದೆ ಎಲೆಗಳ ಮೇಲೆ ಒಂದು ಟೈರಿನ ಗುರುತು ಕೆಳಗೆ ಇಳಿದುಹೋಗಿತ್ತು.

"ಅಯ್ಯೋ ದೇವ್ರೇ" ಅಂದರು ಮೆಲ್ಲಗೆ.

ಇಬ್ಬರೂ ಸೈಕಲ್ ಅಲ್ಲೇ ಬಿಟ್ಟು, ಜಾರುತ್ತ ಜಾರುತ್ತ ಇಳಿದರು. ಕೆಳಗಿನಿಂದ ಲಾರಿಗಳ ಗುರ್ ಸದ್ದು ಕೇಳಿಸುತ್ತಿತ್ತು. "ತಾತಾ!" ಟಿಲ್ಲಿ ಕೂಗಿದಳು. "ತಾತಾ!" ಉತ್ತರವಿಲ್ಲ. ಅವಳಿಗೆ ಅಳು ಉಕ್ಕಿ ಬಂತು.

ಟ್ರಿಣ್!

ತಾತನ ಸೈಕಲ್ ಬೆಲ್! ಮುಳ್ಳೆಲೆಯ ಪೊದೆಯೊಂದರಲ್ಲಿ ಸೈಕಲ್ ಸಿಕ್ಕಿಕೊಂಡಿತ್ತು. ಪಕ್ಕದಲ್ಲಿ ದಿಬ್ಬಕ್ಕೆ ಒರಗಿ ಕೆಸರಿನಲ್ಲೇ ತಾತ ಕೂತಿದ್ದ. ಕೆನ್ನೆಯ ತುಂಬ ಗೀರು. ಬೆರಳು ಇನ್ನೂ ಬೆಲ್ಲಿನ ಮೇಲೇ ಇತ್ತು.

"ಬ್ರೇಕ್ ಹಿಡಿಯೋಕಾಗ್ಲಿಲ್ಲ" ಅಂದ. "ಕೆಳಗೆ ಲಾರಿ ಕಾಣಿಸ್ತು. ಸರಿ, ಪೊದೆಗೇ ನುಗ್ಗಿಸ್ದೆ. ಕೀತ್‌ದು ಪಂಕ್ಚರ್. ಯಾರೋ ಬೇಲಿ ಕತ್ತರಿಸಿ ದಾರೀಲಿ ಬಿಟ್ಟಿದ್ದ ಮುಳ್ಳು ಚುಚ್ಚಿತು. ನೀನು ಮೆಲ್ಲಗೆ ಹೋಗ್ತಿರು ಅಂದ, ಬಂದೆ."

"ಈ ಕಡೆ ಯಾಕೆ ಬಂದ್ರಿ ಸ್ಟ್ಯಾನ್?"

ತಾತ ಆಶ್ಚರ್ಯದಿಂದ ಡೆನೀಸರನ್ನು ನೋಡಿದ. "ತಿರುವಲ್ಲಿ ಯಾರೂ ಇರ್ಲಿಲ್ವಲ್ಲ. ಯಾರೂ ಇಲ್ಲ ಅಂದ್ರೆ ನೇರ ತಾನೇ?"

ಡೆನೀಸ್ ಬಾಯಿ ತೆರೆದರು. ಅಷ್ಟರಲ್ಲಿ ಟಿಲ್ಲಿಯೇ ಹೇಳಿಬಿಟ್ಟಳು. "ಅಲ್ಲಿ ನಿಲ್ಬೇಕಾಗಿದ್ದೋಳು ನಾನು ತಾತ. ಬಿಟ್ಟು ಹೋದೆ."

ಹೇಳಿ ಗೊಳೋ ಎಂದು ಅತ್ತಳು. ತಾತ ಅವಳನ್ನು ಬೈಯಲಿಲ್ಲ. ಹೋಗಲಿ ಬಿಡು ಅಂತಲೂ ಅನ್ನಲಿಲ್ಲ.

"ಚಳಿ ಆಯ್ತಾ ಅಲ್ಲಿ?"

"ಹೂಂ."

"ಹೆದರ್ಕೊಂಡ್ಯಾ?"

"ಸ್ವಲ್ಪ."

"ನಾನೂ ಹೆದರ್ಕೊಂಡೆ ಮರಿ. ತುಂಬಾ" ಅಂದ ತಾತ. "ಹಿಡ್ಕೋ, ಎಬ್ಬಿಸು ನನ್ನ."

ಟಿಲ್ಲಿ ತಾತನ ಸೈಕಲ್ ತಳ್ಳಿಕೊಂಡಳು, ಮೂವರೂ ಮೇಲೆ ಬಂದರು. ಹ್ಯಾಂಡಲ್ ಸೊಟ್ಟಗಾಗಿತ್ತು. ತಾತ ಡೆನೀಸರ ತೋಳು ಹಿಡಿದು ಕುಂಟುತ್ತಿದ್ದ. ತಿರುವಿಗೆ ಬಂದಾಗ ಡೆನೀಸ್ ಹಿಂದಿನ ದಾರಿಯತ್ತ ನೋಡಿದರು.

"ಕೀತ್ ಇನ್ನೂ ಬಂದಿಲ್ಲ" ಅಂದರು.

ಟಿಲ್ಲಿ ಮೂಗು ಒರೆಸಿಕೊಂಡು ಹೋಗಿ, ಮೊದಲು ನಿಂತಿದ್ದ ಜಾಗದಲ್ಲೇ ನಿಂತು ಕೈ ಚಾಚಿದಳು. ಡೆನೀಸ್ ತಳ್ಳುತ್ತಿದ್ದ ತನ್ನ ಸೈಕಲ್ಲಿನ ಪಕ್ಕ ನಿಧಾನ ನಡೆದುಹೋಗುತ್ತ ತಾತ ಒಂದು ಸಲ ಬೆಲ್ ಬಾರಿಸಿದ.

ಮತ್ತೆ ಕಾಡು ಸುಮ್ಮನಾಯಿತು. ಸಣ್ಣಗೆ ಮಳೆ ಹನಿಯಿತು. ಹಕ್ಕಿ ಮತ್ತೆ ಪಟಪಟ ಎಂದು ಎದ್ದಿತು. ಟಿಲ್ಲಿಗೆ ಈಗಲೂ ಭಯವಾಯಿತು, ಏನು ಸುಳ್ಳು ಹೇಳುವುದು! ಕೈ ಸೋತಾಗ ಇನ್ನೊಂದು ಕೈಯಿಂದ ಅದನ್ನೇ ಎತ್ತಿ ಹಿಡಿದಳು.

ಕೊನೆಗೂ ಕಿತ್ತಳೆ ಬಣ್ಣ ಕಾಣಿಸಿತು. ಟಿಲ್ಲಿ ಅಲ್ಲಾಡಲಿಲ್ಲ. ಸೈಕಲ್ ತಳ್ಳಿಕೊಂಡು ಬರುತ್ತಿದ್ದವರ ಮುಖ ಕಾಣುವವರೆಗೂ ನೋಡಿದಳು. ಕನ್ನಡಕ, ನುಣ್ಣನೆಯ ಗಲ್ಲ. ಕೀತ್.

"ಎರಡನೇ ಟ್ಯೂಬೂ ಹೋಯ್ತು ಪುಟ್ಟಿ! ಅಬ್ಬಾ, ಇನ್ನೂ ನಿಂತಿದ್ದೀಯಾ? ನಾನೇ ಕಣೇ. ಕೈ ಇಳಿಸು, ನಡಿ ಹೋಗೋಣ."

ಟಿಲ್ಲಿ ಕೈ ಇಳಿಸಲಿಲ್ಲ. ಅವರ ಹಿಂದಿನ ದಾರಿಯನ್ನು ಬಗ್ಗಿ ನೋಡಿದಳು.

"ನೀವು ಇನ್ನೂ ಹೇಳಿಲ್ಲ."

"ಏನನ್ನ?"

"ಅದನ್ನ."

ಕೀತ್‌ಗೆ ನಗು ಬಂತು. ಆದರೆ ಅವಳ ಕೆಸರು ಮೆತ್ತಿದ ಮೊಣಕಾಲು, ಅತ್ತು ಕೆಂಪಾದ ಕಣ್ಣು ನೋಡಿ ನಗು ನುಂಗಿಕೊಂಡರು. ನೆಟ್ಟಗೆ ನಿಂತು, ಕಾಡಿಗೆಲ್ಲ ಕೇಳುವಂತೆ ಕೂಗಿದರು.

"ಕೊನೆ ನಾನೇ!"

ಟಿಲ್ಲಿ ಆಗ ಕೈ ಇಳಿಸಿದಳು.